ಎಡ ಅಂಚಿನಲ್ಲಿ ಕಾಣದೆ ಹೋದ ಚೆಂಡು

ಸಾಗರದಲ್ಲಿ ಹಳೆಯ ಆಟಗಾರರ ಫುಟ್‌ಬಾಲ್ ಪಂದ್ಯ. ನಾನು ಎಂದಿನಂತೆ ಲೆಫ್ಟ್ ಬ್ಯಾಕ್, ಎಡ ಅಂಚು ಕಾಯುವವನು. ಎದುರು ತಂಡದವನೊಬ್ಬ ನನ್ನ ಎಡಗಡೆಯಿಂದಲೇ ಚೆಂಡು ಒಯ್ದು ಗೋಲು ಹೊಡೆದ.

ನನಗೆ ಅವನು ಕಾಣಲೇ ಇಲ್ಲ.

"ಎಂತಾ ಮಾರಾಯಾ, ನಿನ್ ಪಕ್ಕದಲ್ಲೇ ಹೋದ್ನಲ್ಲ," ಎಂದ ನಮ್ಮ ಗೋಲ್‌ಕೀಪರ್ ರಮೇಶ.

ಐವತ್ತೆರಡಾಯಿತು, ವಯಸ್ಸಿನದೇ ಇರಬೇಕು ಎಂದುಕೊಂಡೆ. ಮರುವಾರ ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ, ಎಡಗಡೆ ನಿಂತಿದ್ದ ಅಜ್ಜಿಯೊಬ್ಬರಿಗೆ ಡಿಕ್ಕಿ ಹೊಡೆದೆ. ಅವರ ಚೀಲ ಕೆಳಗೆ ಬಿತ್ತು. ಜೊತೆಗಿದ್ದ ಹೆಂಡತಿ ಸುಮಾ ನನ್ನ ಮುಖವನ್ನೇ ನೋಡಿದಳು. ಮರುದಿನವೇ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಹೊರಡಿಸಿದಳು.

ಅಲ್ಲಿ, ನೋಟ ಎಷ್ಟು ಅಗಲಕ್ಕೆ ಹರಡಿದೆ ಎಂದು ಅಳೆಯುವ 'ಫೀಲ್ಡ್ ಟೆಸ್ಟ್' ಮಾಡಬೇಕು ಎಂದರು. ನನಗೆ ಫೀಲ್ಡ್ ಎಂದರೆ ಮೈದಾನ; ಹೆಸರು ಕೇಳಿ ನಗು ಬಂತು. ಒಂದು ಕಣ್ಣು ಮುಚ್ಚಿಕೊಂಡು, ಬಟ್ಟಲಿನಂಥ ಯಂತ್ರದೊಳಗೆ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಬಟನ್ ಒತ್ತಬೇಕು. ಎಡಗಣ್ಣಿನ ಸರದಿಯಲ್ಲಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಯಂತ್ರ ಕೆಟ್ಟಿದೆಯೇನೋ ಅಂದುಕೊಂಡೆ.

ಯಂತ್ರ ಕೆಟ್ಟಿರಲಿಲ್ಲ.

"ಗ್ಲಾಕೋಮಾ. ಕಣ್ಣೊಳಗಿನ ಪ್ರೆಶರ್ ಜಾಸ್ತಿಯಾಗಿ ನರ ಹಾಳಾಗಿದೆ. ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದಿದ್ದನ್ನ ಕಾಪಾಡ್ಕೊಳ್ಳೋಣ," ಎಂದರು ಡಾಕ್ಟರು.

ಹನ್ನೊಂದು ವರ್ಷ ಗೋವಾ, ಕೋಲ್ಕತ್ತಾದ ಕ್ಲಬ್ಬುಗಳಲ್ಲಿ ಸಂಬಳಕ್ಕೆ ಆಡಿದವನು ನಾನು. ಹೊಸನಗರದ ಹೈಸ್ಕೂಲು ಮೈದಾನದಲ್ಲಿ ಬರಿಗಾಲಿನಲ್ಲಿ ಕಲಿತ ಆಟ. ಅಷ್ಟು ವರ್ಷಗಳಲ್ಲಿ ಹೊಡೆದ ಗೋಲು ಎರಡೇ. ಪೇಪರಿನಲ್ಲಿ ಫೋಟೊ ಬಂದದ್ದೂ ಅಪರೂಪ. ನನ್ನ ಕೆಲಸ ನೋಡುವುದಾಗಿತ್ತು; ಚೆಂಡಿನ ಮೇಲೆ ನೋಟ ಇಟ್ಟುಕೊಂಡೇ, ಪಕ್ಕದಿಂದ ಯಾರು ನುಸುಳುತ್ತಿದ್ದಾರೆಂದು ಕಣ್ಣಂಚಿನಲ್ಲಿ ಹಿಡಿಯುವುದು. ಕೋಲ್ಕತ್ತಾದಲ್ಲೊಮ್ಮೆ, ಜನರ ಗದ್ದಲದಲ್ಲಿ ಜೊತೆಗಾರರ ಕೂಗೂ ಕೇಳದ ಪಂದ್ಯದ ಕೊನೆಗೆ, ಕೋಚ್ ನನ್ನ ಹೆಗಲು ತಟ್ಟಿ, ನಿನಗೆ ಕಿವಿಯ ಹತ್ತಿರವೂ ಒಂದು ಕಣ್ಣಿದೆ ಎಂದಿದ್ದರು. ಆ ಮಾತಿನ ಬಿಸಿಯಲ್ಲೇ ಎಷ್ಟೋ ವರ್ಷ ಬದುಕಿದ್ದೆ.

ಹೋದದ್ದು ಆ ಕಣ್ಣು.

ಬೈಕ್ ಬಿಟ್ಟೆ. ತೀರ್ಥಹಳ್ಳಿಯ ತಂಗಿಯ ಮನೆಗೂ ಬಸ್ಸಿನಲ್ಲೇ ಹೋಗುತ್ತೇನೆ. ದಿನಕ್ಕೆರಡು ಸಲ ಡ್ರಾಪ್ಸ್. ಮೊದಲ ತಿಂಗಳು ವಿಪರೀತ ಸಿಟ್ಟು. ಯಾರಾದರೂ ಎಡಗಡೆಯಿಂದ ಮಾತಾಡಿಸಿದರೆ ಬೆಚ್ಚಿಬೀಳುತ್ತಿದ್ದೆ, ಆಮೇಲೆ ಅವರ ಮೇಲೇ ರೇಗುತ್ತಿದ್ದೆ. ಸುಮಾ ರಸ್ತೆಯಲ್ಲಿ ನನ್ನ ಎಡಕ್ಕೆ ಬಂದು ನಡೆಯತೊಡಗಿದಳು, ಅಷ್ಟೆ.

ಕಳೆದ ವಾರ ಆರು ತಿಂಗಳ ತಪಾಸಣೆ. ಡಾಕ್ಟರು ಫೀಲ್ಡ್ ಟೆಸ್ಟಿನ ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಪಕ್ಕಪಕ್ಕ ಇಟ್ಟರು.

"ಪ್ರೆಶರ್ ಹತೋಟೀಲಿದೆ. ಫೀಲ್ಡ್ ಹೋದ ಸಲದಷ್ಟೇ ಇದೆ. ಮತ್ತೆ ಕಮ್ಮಿ ಆಗಿಲ್ಲ."

ವಾಪಸ್ ಬರುವಾಗ ಬಸ್ಸಿನಲ್ಲಿ ಸುಮಾ ಕೇಳಿದಳು, "ಅಂದ್ರೆ ಒಳ್ಳೇದಾ, ಕೆಟ್ಟದಾ?"

"ಡ್ರಾ," ಎಂದೆ.

ಮದುವೆಯಾದಾಗಿನಿಂದ ಒಂದು ಪಂದ್ಯವನ್ನೂ ಪೂರ್ತಿ ನೋಡದವಳು ನನ್ನ ಕಡೆ ತಿರುಗಿದಳು.

"ಡ್ರಾ ಆದ್ರೂ ಒಂದು ಪಾಯಿಂಟ್ ಸಿಗ್ತದಲ್ಲ?"

"ಸಿಗ್ತದೆ," ಎಂದೆ.