ಗುಂಡಿಗೆ ಎಮ್ಮೆ ಸಗಣಿ

"ಮಾಲಾ, ನಾನು ಹೇಳೋದನ್ನ ಪೂರ್ತಿ ಕೇಳು, ಮಧ್ಯ ಬಾಯಿ ಹಾಕಬೇಡ. ಅಗ್ರಹಾರದ ಮನೇಲಿ ಇಷ್ಟು ವರ್ಷ ಸಂಸಾರ ಮಾಡಿದೀನಿ. ಆ ಬಚ್ಚಲು ಎಷ್ಟು ಕತ್ತಲು, ಕಕ್ಕಸು ಎಷ್ಟು ಇಕ್ಕಟ್ಟು, ನಿಂಗೇ ಗೊತ್ತು. ಒಂದು ದಿನ ಯಾರಾದ್ರೂ ಮೂಗು ಮುಚ್ಕೊಂಡಿದ್ದಾರಾ? ಬಂದೋರೆಲ್ಲ, ಚೂಡಾಮಣಿ, ನಿನ್ನ ಬಚ್ಚಲಲ್ಲಿ ಎಲೆ ಹಾಕಿ ಊಟಕ್ಕೆ ಕೂರಬಹುದು ಕಣೇ ಅಂತಿದ್ರು. ಇಲ್ಲಿ ನೋಡಿದ್ರೆ ಹೊಸ ಮನೆ, ಹೊಸ ಟೈಲ್ಸು, ಕಿಟಕಿ ತೆಗೆದ್ರೆ ಬೆಟ್ಟ ಕಾಣತ್ತೆ. ಬೆಳಿಗ್ಗೆ ಆಸಿಡ್ ಹಾಕ್ತೀನಿ, ಮಧ್ಯಾಹ್ನ ಮಕ್ಕಳು ಮಲಗಿದ್ಮೇಲೆ ಫಿನಾಯಿಲು, ಸಾಯಂಕಾಲ ಅವರ ಅಮ್ಮಂದಿರು ಬಂದು ಕರ್ಕೊಂಡು ಹೋದ್ಮೇಲೆ ಮತ್ತೆ ಆಸಿಡ್. ಕೈ ಬೆರಳು ಸಿಪ್ಪೆ ಎದ್ದಿವೆ, ಸಾರಿಗೆ ಹುಣಸೆಹಣ್ಣು ಕಿವುಚೋಕೆ ಆಗ್ತಿಲ್ಲ, ಉರಿ. ಆದ್ರೂ ನಾರುತ್ತೆ ಕಣೇ. ತೊಳೆದಷ್ಟೂ ನಾರುತ್ತೆ. ಕೊಳೆತ ಮೊಟ್ಟೆ ವಾಸನೆ ಅಮ್ಮಾರೇ ಅಂತಾಳೆ ನಮ್ಮ ಕೆಲಸದ ಬೆಟ್ಟಮ್ಮ. ನಾನು ಒಳ್ಳೆ ಮೊಟ್ಟೆನೇ ಮೂಸಿದೋಳಲ್ಲ, ಕೊಳೆತದ್ದು ಹೇಗಿರುತ್ತೋ ನಂಗೇನು ಗೊತ್ತು. ನನ್ನ ಕೈಯಿಂದ ಇನ್ನೇನು ಮಾಡೋಕೆ ಉಳಿದಿದೆ, ನೀನೇ ಹೇಳು."

ಮಾಲಾ ಚೂಡಾಮಣಿಯ ತಂಗಿ, ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಹೇಳುವವಳು. ಅಕ್ಕನ ಫೋನು ಬಂದರೆ ಸ್ಪೀಕರಿಗೆ ಹಾಕಿ ಉತ್ತರಪತ್ರಿಕೆ ತಿದ್ದಲು ಕೂರುವುದು ಅವಳ ರೂಢಿ. ಅವತ್ತು ಪೆನ್ನು ಕೆಳಗಿಟ್ಟು, ಏನೂ ಮಾಡಬೇಡ ಅಕ್ಕ, ಮೊದಲು ಆ ಆಸಿಡ್ ನಿಲ್ಲಿಸು ಅಂದಳು. ಸ್ನಾನ ಮಾಡುವುದನ್ನು ನಿಲ್ಲಿಸು ಅಂದಿದ್ದರೂ ಚೂಡಾಮಣಿಗೆ ಅಷ್ಟೇ ವಿಚಿತ್ರವಾಗಿ ಕೇಳಿಸುತ್ತಿತ್ತು. ಕಾಲೇಜಿನವರಿಗೆ ಮನೆ ತೊಳೆದು ಗೊತ್ತಿಲ್ಲ ಅಂದುಕೊಂಡು ಫೋನಿಟ್ಟಳು.

ಚೂಡಾಮಣಿ ಕೂತಲ್ಲಿ ಕೂರುವವಳಲ್ಲ. ಊಟಕ್ಕೆ ಕೂತರೂ ಅನ್ನ ಕಲೆಸುತ್ತ ಕಲೆಸುತ್ತಲೇ ಮೇಲೆದ್ದು ಒಲೆಯ ಕಟ್ಟೆ ಒರೆಸಿ ಬರುತ್ತಾಳೆ. ಅಗ್ರಹಾರದಲ್ಲಿ ಓರಗಿತ್ತಿಯರು, ಅವರ ಮಕ್ಕಳು, ಹಬ್ಬ, ಬಂದವರು ಹೋದವರು ಎಂದು ಆ ಕೈಗಳಿಗೆ ಬೇಕಾದಷ್ಟು ಕೆಲಸವಿತ್ತು. ಆ ಮನೆ ಮಾರಿ ಪಾಲು ಹಂಚಿದ ಮೇಲೆ ಗಂಡ ಅನಂತಪದ್ಮನಾಭ ನಂಜನಗೂಡು ರಸ್ತೆಯಲ್ಲಿ, ಕಡಕೊಳಕ್ಕಿಂತ ಸ್ವಲ್ಪ ಈಚೆಗಿನ ಒಂದು ಹೊಸ ಬಡಾವಣೆಯಲ್ಲಿ ಈ ಮನೆ ತೆಗೆದುಕೊಂಡ. ಅವನು ಕೆಲಸ ಮಾಡುವ ಫ್ಯಾಕ್ಟರಿಯ ಲೆಕ್ಕಪತ್ರ ವಿಭಾಗಕ್ಕೆ ಅಲ್ಲಿಂದ ಹತ್ತಿರ. ಸ್ವಂತ ಮಕ್ಕಳಿಲ್ಲ. ಆ ಮಾತನ್ನು ಚೂಡಾಮಣಿ ಎಂದೂ ಎತ್ತಿದವಳಲ್ಲ, ಅಗ್ರಹಾರದಲ್ಲಿ ಎತ್ತುವಷ್ಟು ಬಿಡುವೂ ಇರಲಿಲ್ಲ. ಹೊಸ ಮನೆಯಲ್ಲಿ ಬಿಡುವು ಅನ್ನುವುದು ಬಾಗಿಲು ತೆಗೆದ ಕೂಡಲೇ ಎದುರಿಗೆ ನಿಲ್ಲುತ್ತಿತ್ತು. ಮೊದಲ ಕೆಲವು ತಿಂಗಳು ಅವಳು ಕಿಟಕಿಯ ಸರಳುಗಳನ್ನು ಒಂದೊಂದಾಗಿ ಉಜ್ಜಿದಳು.

ಆಮೇಲೆ ಹಿಂದಿನ ಬೀದಿಯ ಪ್ರೇಮಲೀಲಾ ಬಂದಳು. ಕಡಕೊಳದ ಒಂದು ಕಾರ್ಖಾನೆಯಲ್ಲಿ ಕೆಲಸ, ಬಾಣಂತನದ ರಜೆ ಮುಗಿದಿತ್ತು. ಮಗುವನ್ನು ಹಗಲು ಹೊತ್ತು ನೋಡಿಕೊಳ್ಳುವಿರಾ ಎಂದು ಸಂಕೋಚದಲ್ಲಿ ಕೇಳಿದಳು. ಚೂಡಾಮಣಿ ಉತ್ತರ ಹೇಳುವ ಮೊದಲೇ ಕೈ ಚಾಚಿಬಿಟ್ಟಿದ್ದಳು. ಆ ಮಗುವೇ ಸಮರ್ಥ. ಅಂಬೆಗಾಲಿಟ್ಟಿದ್ದು, ಹಲ್ಲು ಬಂದಿದ್ದು, ಮೊದಲ ಮಾತು ಆಡಿದ್ದು ಎಲ್ಲ ಅವಳ ನಡುಮನೆಯಲ್ಲೇ. ಅವನಿಗೀಗ ಮೂರು ತುಂಬಿದೆ. ಅವನ ಹಿಂದೆಯೇ ಅದೇ ಬೀದಿಯ ಕೊನೆಯ ಮನೆಯ ಶರಣ್ಯಾ, ಸಮನ್ವಿತಾ ಎಂಬ ಅಕ್ಕತಂಗಿಯರೂ ಬರತೊಡಗಿದರು. ಮಕ್ಕಳೆಂದ ಮೇಲೆ ಒಂದು ಸುರಿಯುವುದು, ಒಂದು ಕಕ್ಕುವುದು, ಒಂದು ಓಡಿಬರುವಷ್ಟರಲ್ಲಿ ಚಡ್ಡಿಯಲ್ಲೇ ಮಾಡಿಕೊಳ್ಳುವುದು ಇದ್ದದ್ದೇ. ಚೂಡಾಮಣಿಯ ಆಸಿಡ್ ಬಾಟಲಿಗೆ ಬಿಡುವಿಲ್ಲ.

ಅವಳಿಗೆ ತಿಳಿಯದೇ ಹೋದದ್ದು ಒಂದೇ. ಅಗ್ರಹಾರದಲ್ಲಿ ಏನು ಸುರಿದರೂ ಬೀದಿಯ ಕೆಳಗಿನ ದೊಡ್ಡ ಚರಂಡಿ ಹೊತ್ತುಕೊಂಡು ಹೋಗುತ್ತಿತ್ತು, ಎಲ್ಲಿಗೆ ಅಂತ ಯಾರೂ ಕೇಳಿದವರಲ್ಲ. ಈ ಬಡಾವಣೆಗೆ ಆ ಚರಂಡಿ ಇನ್ನೂ ಬಂದಿಲ್ಲ. ಇಲ್ಲಿ ಸುರಿದದ್ದೆಲ್ಲ ಮನೆಯ ಮುಂದೆ, ಸ್ಕೂಟರು ನಿಲ್ಲಿಸುವ ಜಾಗದ ಅಡಿಯಲ್ಲಿ, ಕಾಂಕ್ರೀಟು ಮುಚ್ಚಳದ ಗುಂಡಿಯೊಳಗೇ ಉಳಿಯುತ್ತದೆ.

ಬೇಸಿಗೆ ಕಳೆಯುವ ಹೊತ್ತಿಗೆ ವಾಸನೆ ಶುರುವಾಯಿತು. ಅಕ್ಕತಂಗಿಯರ ತಾಯಿ ಒಳ್ಳೆ ಮಾತಿನಲ್ಲೇ, ದೊಡ್ಡವಳ ಸ್ಕೂಲಿನಲ್ಲೇ ಚಿಕ್ಕವಳನ್ನೂ ಸೇರಿಸಿ ಸಂಜೆಯವರೆಗೆ ಇಟ್ಟುಕೊಳ್ಳುತ್ತಾರಂತೆ ಎಂದು ಹೇಳಿ ಇಬ್ಬರನ್ನೂ ಬಿಡಿಸಿಕೊಂಡಳು. ಪ್ರೇಮಲೀಲಾ ಸುತ್ತಿಬಳಸುವವಳಲ್ಲ.

"ಆಂಟಿ, ನಿಮ್ಮನ್ನ ಬಿಟ್ರೆ ಅವನು ಇನ್ಯಾರ ಕೈಯಲ್ಲೂ ಊಟ ಮಾಡಲ್ಲ, ನಂಗೊತ್ತು. ಆದ್ರೆ ಮನೆಗೆ ಬಂದು ಅವನ ಬಟ್ಟೆ ಬಿಚ್ಚಿದ್ರೆ ಅದರಲ್ಲೂ ಅದೇ ವಾಸನೆ. ಈ ತಿಂಗಳು ನೋಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ರಿಂಗ್ ರೋಡ್ ಪ್ಲೇ ಹೋಮಿಗೆ ಸೇರಿಸ್ತೀನಿ. ಬೇಜಾರು ಮಾಡ್ಕೋಬೇಡಿ."

ಚೂಡಾಮಣಿ ಬೇಜಾರು ಮಾಡಿಕೊಳ್ಳುತ್ತ ಕೂರಲಿಲ್ಲ. ಮಾರನೆಯ ದಿನವೇ ಗುಂಡಿ ಖಾಲಿ ಮಾಡುವ ಲಾರಿಯ ಪುಟ್ಟಸ್ವಾಮಿಯನ್ನು ಕರೆಸಿದಳು. ಅವನು ಮುಚ್ಚಳ ಸರಿಸಿ ದಪ್ಪ ಪೈಪು ಇಳಿಬಿಟ್ಟು ಮೋಟಾರು ಹಾಕಿದ. ಗುಂಡಿ ಬಹುಪಾಲು ಖಾಲಿಯಾದ ಮೇಲೆ ನಿಲ್ಲಿಸಿ ಪೈಪು ಸುತ್ತತೊಡಗಿದ. ತಳದಲ್ಲಿ ಇನ್ನೂ ಕಪ್ಪಗೆ ಉಳಿದಿದೆಯಲ್ಲ ಎಂದು ಚೂಡಾಮಣಿ ಬಗ್ಗಿ ನೋಡಿ ಕೇಳಿದಳು.

"ಒಸಿ ಬುಡ್ತೀವಿ ಅಮ್ಮಾರೇ. ಎಲ್ಲಾರ ಮನೇಲೂ ಅಂಗೇ."

"ಯಾಕೆ ಬಿಡಬೇಕು?"

"ಯಾಕೆ ಅಂದ್ರೆ ನಂಗೂ ಗೊತ್ತಿಲ್ಲ ಕಣ್ರವ್ವ. ಅಂಗೇ ಬುಡ್ತೀವಿ ಅಷ್ಟೇ."

ಅರ್ಧಂಬರ್ಧ ಕೆಲಸ ನಮ್ಮ ಮನೆಯಲ್ಲಿ ನಡೆಯಲ್ಲ ಎಂದು ಅವಳು ಪಟ್ಟು ಹಿಡಿದಳು. ಪುಟ್ಟಸ್ವಾಮಿಗೇನು, ನೀರು ಬಿಟ್ಟು ಗೋಡೆ ತೊಳೆದು ತಳದ ತೊಟ್ಟೂ ಬಿಡದಂತೆ ಎಳೆದ. ಮುಚ್ಚುವ ಮೊದಲು ಚೂಡಾಮಣಿ ಒಂದು ಕ್ಯಾನು ಫಿನಾಯಿಲನ್ನು ಪೂರ್ತಿ ಒಳಗೆ ಬೋರಲು ಹಾಕಿದಳು. ಅಷ್ಟು ಹೊತ್ತೂ ಏನೂ ಅನ್ನಿಸದಿದ್ದ ಪುಟ್ಟಸ್ವಾಮಿ ಆಗ ಮೂಗಿಗೆ ಟವೆಲು ಹಿಡಿದುಕೊಂಡ.

ಕೆಲವು ದಿನ ಮನೆ ನಿಶ್ಚಿಂತೆಯಾಗಿತ್ತು. ಆಮೇಲೆ ವಾಸನೆ ಮೊದಲಿಗಿಂತ ಜೋರಾಗಿ ಎದ್ದಿತು. ಕಕ್ಕಸಿಗೆ ನೀರು ಹಾಕಿದರೆ ಗುಳುಗುಳು ಅಂತ ನಿಂತು ನಿಂತು ಇಳಿಯುವುದು. ಸಮರ್ಥ ಒಳಗೆ ಹೋಗಲು ಒಲ್ಲೆನೆಂದು ಬಾಗಿಲ ಹತ್ತಿರವೇ ನಿಂತು ಅಳುವುದು. ನಾತ ಮುಚ್ಚಲು ಅವಳು ಹಚ್ಚಿಡುತ್ತಿದ್ದ ಊದುಬತ್ತಿಯ ಹೊಗೆಗೆ ಅನಂತಪದ್ಮನಾಭನಿಗೆ ಕೆಮ್ಮು ಹತ್ತಿ, ಪೇಪರು ತೆಗೆದುಕೊಂಡು ಗೇಟಿನ ಹೊರಗಿನ ಕಲ್ಲಿನ ಮೇಲೆ ಕೂತು ಓದತೊಡಗಿದ. ದಾರಿಯಲ್ಲಿ ಹೋಗುವವರು ಯಾಕೆ ಸಾರ್ ಹೊರಗೆ ಅಂದರೆ, ಒಳಗೆ ಹೋಮ ನಡೀತಿದೆ ಅನ್ನುವನು.

ಭಾನುವಾರ ಮಾಲಾ ಬಂದಳು. ಅಕ್ಕನ ಬೆರಳು ನೋಡಿ ಮೊದಲು ಕೊಬ್ಬರಿ ಎಣ್ಣೆ ಹಚ್ಚಿದಳು. ಆಮೇಲೆ ಗುಂಡಿಗೆ ಏನೇನು ಸುರಿದೆ ಎಂದು ಕೇಳಿದಳು. ಚೂಡಾಮಣಿ ತನ್ನ ಶ್ರಮ ಈಗಲಾದರೂ ಒಬ್ಬರಿಗೆ ತಿಳಿಯಲಿ ಎಂಬಂತೆ ಒಂದೂ ಬಿಡದೆ ಹೇಳಿದಳು. ಕೇಳುತ್ತ ಕೇಳುತ್ತ ಮಾಲಾಳ ಮುಖ ಬೇರೆಯಾಯಿತು.

"ಅಕ್ಕ, ಆ ಗುಂಡಿ ಒಂದು ಹೊಟ್ಟೆ ಕಣೇ. ಅದರೊಳಗೆ ಗಾಳಿ ಇಲ್ಲ. ಗಾಳಿ ಬೇಡದೇ ಇರೋ ಜೀವಾಣುಗಳು ಅಲ್ಲಿರ್ತವೆ, ಕಣ್ಣಿಗೆ ಕಾಣದಷ್ಟು ಚಿಕ್ಕವು. ನಾವು ಬಿಟ್ಟದ್ದನ್ನ ಅವೇ ತಿಂದು ಕರಗಿಸೋದು, ಗಟ್ಟಿ ಇದ್ದದ್ದನ್ನ ನೀರು ಮಾಡೋದು. ನೀನು ಮೂರು ಹೊತ್ತೂ ಅವಕ್ಕೆ ಆಸಿಡ್ ಕುಡಿಸಿದೀಯ. ಉಳಿದಿದ್ದ ನಾಲ್ಕನ್ನ ಲಾರಿಗೆ ತುಂಬಿ ಕಳಿಸಿದೀಯ. ಈಗ ಅಲ್ಲಿ ತಿನ್ನೋರಿಲ್ಲ, ಬಿದ್ದದ್ದು ಬಿದ್ದ ಹಾಗೇ ನಾರ್ತಿದೆ."

ಉಸಿರಾಡದೆ ಯಾವ ಜೀವ ಬದುಕುತ್ತೆ ಎಂದು ಚೂಡಾಮಣಿ ನಂಬದೆ ಕೇಳಿದಳು. ನಿನ್ನ ಕರುಳಲ್ಲಿ ಇವೆ, ನನ್ನ ಕರುಳಲ್ಲಿ ಇವೆ ಎಂದಳು ಮಾಲಾ. ಹಸು ಹುಲ್ಲು ತಿನ್ನುವುದಷ್ಟೇ, ಅದರ ಹೊಟ್ಟೆಯಲ್ಲಿ ಕೂತು ಹುಲ್ಲನ್ನು ಅರಗಿಸುವುದು ಇವೇ. ಬಳಿಕ ಉಪಾಯವನ್ನೂ ಹೇಳಿದಳು. ಹಸಿ ಸಗಣಿ ತಂದು ನೀರಲ್ಲಿ ಕದಡಿ ಕಕ್ಕಸಿಗೆ ಸುರಿ, ಸಗಣಿಯ ಜೊತೆ ಅವೂ ಹೋಗಿ ಸೇರಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಬರೀ ನೀರು, ಬ್ರಷ್ಷು. ಬೇಕಾದರೆ ಒಂಚೂರು ಸೋಪು. ಇನ್ನೇನೂ ಬೇಡ.

ಚೂಡಾಮಣಿ ಎದ್ದು ನಿಂತಳು.

"ಗೋಮಯ ತಗೊಂಡು ಹೋಗಿ ಕಕ್ಕಸಿಗೆ ಹಾಕು ಅಂತೀಯಾ? ಹೊಸಿಲು ಸಾರಿಸೋದನ್ನ? ಪಂಚಗವ್ಯಕ್ಕೆ ಬಳಸೋದನ್ನ? ನೀನು ಏನು ಓದಿದೀಯೋ ಓದ್ಕೋ, ಈ ಮಾತು ನನ್ನ ಮನೇಲಿ ಆಡಬೇಡ."

ಮಾಲಾ ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ. ಆಸಿಡ್ ಬಿಡುತ್ತೇನೆ, ಬ್ರಷ್ಷಿನಲ್ಲಿ ಉಜ್ಜುತ್ತೇನೆ, ಆದರೆ ಅದೊಂದು ನನ್ನ ಕೈಯಿಂದ ಆಗದು ಅಂದಳು. ಮಾಲಾ ಸೋತು ಬಸ್ಸು ಹತ್ತಿದಳು.

ಆ ರಾತ್ರಿ ಕಳೆದು ಸೋಮವಾರ ಬೆಳಿಗ್ಗೆ ಪ್ರೇಮಲೀಲಾ ಮಗುವನ್ನು ಬಿಡಲು ಬಂದಾಗ ಒಳಗೆ ಕಾಲಿಡಲಿಲ್ಲ. ಗೇಟಿನಲ್ಲೇ ಚೀಲ ಕೊಟ್ಟು ಹೋದಳು. ಚೂಡಾಮಣಿ ಮಗುವನ್ನು ಸೊಂಟಕ್ಕೇರಿಸಿಕೊಂಡು ನಡುಮನೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ನಡುಮನೆಗೆ ಓಡಾಡಿದಳು. ಓಡಾಡುತ್ತ ಓಡಾಡುತ್ತ ಅವಳಿಗೊಂದು ಯೋಚನೆ ಬಂತು. ತಕ್ಷಣ ಮಾಲಾಗೆ ಫೋನು ಮಾಡಿದಳು. ಮಾಲಾ ತರಗತಿಯಲ್ಲಿದ್ದಳು, ಗಾಬರಿಯಾಗಿ ಹೊರಗೆ ಬಂದು ಎತ್ತಿದಳು.

"ಎಮ್ಮೆದು ಆಗತ್ತಾ?"

"ಏನು ಎಮ್ಮೆದು?"

"ಸಗಣಿ ಕಣೇ. ಎಮ್ಮೆ ಹೊಟ್ಟೇಲೂ ಅವು ಇರ್ತವಾ? ಎಮ್ಮೆ ಸಗಣಿಗೆ ಮಡಿ ಇಲ್ಲ. ಅದರಲ್ಲಿ ಯಾರೂ ಹೊಸಿಲು ಸಾರಿಸಲ್ಲ. ಅದಾದ್ರೆ ದೋಷ ಬರಲ್ಲ."

ಮಾಲಾಗೆ ನಗು ತಡೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಇರ್ತವೆ ಅಕ್ಕ, ಬೇಕಾದಷ್ಟಿರ್ತವೆ ಅಂದಳು.

ಬಡಾವಣೆಯ ಹಿಂದೆ ಹಳೆಯ ಊರಿನದೊಂದು ಬೀದಿ ಇನ್ನೂ ಉಳಿದಿದೆ. ಅಲ್ಲಿ ನಿಂಗಯ್ಯ ಎಂಬವನು ದನ ಕಟ್ಟಿಕೊಂಡಿದ್ದಾನೆ. ಹೊಸ ಮನೆಗಳವರು ಗೃಹಪ್ರವೇಶಕ್ಕೆ, ಹಬ್ಬಕ್ಕೆ ಅವನ ಕೊಟ್ಟಿಗೆಗೇ ಬರುವುದು. ಚೂಡಾಮಣಿ ಒಂದು ಕೈಯಲ್ಲಿ ಬಕೆಟ್ಟು, ಒಂದು ಕೈಯಲ್ಲಿ ಸಮರ್ಥನನ್ನು ಹಿಡಿದು ಹೋದಳು. ನಿಂಗಯ್ಯ ಕೇಳುವ ಮೊದಲೇ ಹಸುವಿನ ಕಡೆ ತಿರುಗಿದ. ಅದಲ್ಲ, ಆ ಕಡೆಯದು ಎಂದು ಅವಳು ಎಮ್ಮೆ ತೋರಿಸಿದಳು. ಎಮ್ಮೇದು ಯಾವ ಪೂಜೆಗವ್ವ ಎಂದು ಅವನು ತಲೆ ಕೆರೆದುಕೊಂಡ. ಪೂಜೆಗಲ್ಲ, ಔಷಧಕ್ಕೆ ಅಂದಳು. ಅವನು ಮೇಲಿಂದ ಕೆಳಗೆ ನೋಡಿ, ಕುಡಿಯಾಕಾ ಹಚ್ಚಾಕಾ ಎಂದು ಕೇಳಿದ. ಅವಳು ಜವಾಬು ಕೊಡದೆ ಬಕೆಟ್ಟು ಮುಂದಿಟ್ಟಳು.

ಆ ದಿನ, ಮತ್ತೆ ವಾರ ಬಿಟ್ಟು ಇನ್ನೊಂದು ಸಲ, ಕಕ್ಕಸಿಗೆ ಸಗಣಿ ನೀರು ಹೋಯಿತು. ಸುರಿಯುವುದು ಸುಲಭವಾಯಿತು. ಸುರಿದ ಮೇಲೆ ಸುಮ್ಮನಿರುವುದೇ ಅವಳ ಜೀವ ತಿಂದಿತು. ಹಾಲಾದರೆ ಉಕ್ಕುವುದು ಕಾಣುತ್ತದೆ, ಬೇಳೆಯಾದರೆ ಹಿಸುಕಿ ನೋಡಬಹುದು. ಇದು ಕತ್ತಲಲ್ಲಿ, ಮುಚ್ಚಳದ ಕೆಳಗೆ, ಗಾಳಿಯೂ ಇಲ್ಲದ ಕಡೆ ನಡೆಯುವ ಕೆಲಸ. ನಡೆಯುತ್ತಿದೆಯೋ ಇಲ್ಲವೋ ಹೇಳುವವರಿಲ್ಲ. ಅವಳು ಗಳಿಗೆಗೊಮ್ಮೆ ಹೋಗಿ ಕಾಂಕ್ರೀಟಿನ ಮೇಲೆ ನಿಲ್ಲುವಳು, ಬಗ್ಗಿ ಮೂಸುವಳು. ಮುಚ್ಚಳ ತೆಗೆದು ನೋಡಲೇ ಎಂದು ಫೋನು ಮಾಡಿದರೆ ಮಾಲಾ, ಖಂಡಿತ ತೆಗೀಬೇಡ, ವಿಷದ ಗಾಳಿ ಇರುತ್ತೆ ಎಂದು ಗದರುವಳು. ನೀನು ಎಷ್ಟು ಓಡಾಡಿದರೂ ಅವು ತಮ್ಮ ಪಾಡಿಗೆ ಹೊತ್ತು ತಗೊಳ್ಳುತ್ತವೆ ಅಂದಳು. ಬೆಟ್ಟಮ್ಮನಂತೂ ಪಾತ್ರೆ ಉಜ್ಜುತ್ತ, "ಕಕ್ಕಸಿಗೆ ಬಾಣಂತನ ಮಾಡ್ತಾವ್ರೆ ನಮ್ಮಮ್ಮಾರು, ಇನ್ನು ತಲೆಗೆ ಎಣ್ಣೆ ಇಕ್ಕೋದೊಂದು ಬಾಕಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು, ಕೇಳಿಸುವಷ್ಟು ಜೋರಾಗಿ.

ಕೈ ಸುಮ್ಮನಿರದೆ ಅವಳು ಗೇಟಿನ ಮುಂದಿನ ಚಪ್ಪಡಿಗಳನ್ನು ತೆಂಗಿನ ನಾರಿನಲ್ಲಿ ಉಜ್ಜಿದಳು. ಅವು ಬೆಳ್ಳಗಾದ ಮೇಲೆ ಪಕ್ಕದ ಮನೆಯ ಚಪ್ಪಡಿಗಳನ್ನೂ ಉಜ್ಜಲು ಹೋದಳು. ನಾಚಿಕೆಯಾಗಿ ಅನಂತಪದ್ಮನಾಭ ಕೈ ಹಿಡಿದು ಒಳಗೆ ಕರೆತಂದ.

ತಿಂಗಳು ಮುಗಿಯುತ್ತ ಬಂತು. ಒಂದು ಶುಕ್ರವಾರ ಮಧ್ಯಾಹ್ನ ಪ್ರೇಮಲೀಲಾಳ ಫೋನು, ಇವತ್ತು ಬೇಗ ಬರ್ತೀನಿ ಆಂಟಿ, ಮಾತಾಡಬೇಕು. ಚೂಡಾಮಣಿ ಫೋನಿಟ್ಟವಳೇ ಬಚ್ಚಲಿಗೆ ಹೋಗಿ ನೋಡಿದಳು. ಬ್ರಷ್ಷಿನಲ್ಲಿ ಎಷ್ಟು ತಿಕ್ಕಿದರೂ ಕಕ್ಕಸಿನ ಬಿಳಿಯ ಪಿಂಗಾಣಿಯ ಮೇಲೆ ಹಳದಿ ಗೆರೆಯೊಂದು ಕೂತೇ ಇತ್ತು. ಅದನ್ನು ನೋಡಿದವರು ಏನಂದಾರು? ಸಿಲಿಂಡರಿನ ಹಿಂದೆ ಮಾಲಾಗೂ ಹೇಳದೆ ಉಳಿಸಿಕೊಂಡಿದ್ದ ಒಂದು ಆಸಿಡ್ ಬಾಟಲಿ ಇತ್ತು. ತಂದಳು. ಒಂದೇ ಒಂದು ಮುಚ್ಚಳದಷ್ಟು, ಅಷ್ಟಕ್ಕೇನು ಸಾಯುತ್ತವೆ ಎಂದುಕೊಂಡು ಬಿರಡೆ ತಿರುಗಿಸಿದಳು.

ಘಾಟು ಫಕ್ಕನೆ ಮೂಗಿಗೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಬಾಟಲಿ ಹಿಡಿದುಕೊಂಡೇ ಅವಳು ನಿಂತುಬಿಟ್ಟಳು. ಬಿರಡೆ ತೆಗೆಯುವವರೆಗೆ ಆ ಬಚ್ಚಲಲ್ಲಿ ಏನೂ ವಾಸನೆ ಇರಲಿಲ್ಲವಲ್ಲ. ಈಗ ಬಂದದ್ದು ಇದೊಂದೇ. ಬಿರಡೆ ಬಿಗಿದು ಬಾಟಲಿಯನ್ನು ಹೊರಗಿಟ್ಟು, ಕಿಟಕಿ ತೆಗೆದು, ಘಾಟು ಹೋಗುವವರೆಗೆ ಕಾದು ಮತ್ತೆ ಮೂಸಿದಳು. ಒದ್ದೆ ನೆಲದ ವಾಸನೆ, ಸೋಪಿನ ವಾಸನೆ. ನೀರು ಹಾಕಿದಳು, ಗುಳುಗುಳು ಅನ್ನದೆ ಸರಾಗ ಇಳಿಯಿತು. ಆದರೂ ನಂಬಿಕೆ ಬರಲಿಲ್ಲ. ಇಷ್ಟು ದಿನ ನಾತದಲ್ಲೇ ಇದ್ದು ತನ್ನ ಮೂಗೇ ಸತ್ತುಹೋಗಿದ್ದರೆ?

ಪ್ರೇಮಲೀಲಾ ಬಂದಾಗ ಚೂಡಾಮಣಿ ಕೂರು ಅನ್ನಲಿಲ್ಲ, ಕಾಫಿ ಅನ್ನಲಿಲ್ಲ.

"ನೀನು ಹೇಳೋದು ಆಮೇಲೆ ಹೇಳು. ಮೊದಲು ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ಮೂಸಿ ಬಾ. ನನಗೋಸ್ಕರ ಸುಳ್ಳು ಹೇಳಬೇಡ."

ಪ್ರೇಮಲೀಲಾ ಪೆಚ್ಚಾಗಿ ನೋಡಿ ಒಳಗೆ ಹೋದಳು. ಚೂಡಾಮಣಿ ಬಾಗಿಲ ಹೊರಗೆ ಸೆರಗಿನ ತುದಿ ತಿರುಚುತ್ತ ನಿಂತಳು. ಒಳಗೆ ನೀರು ಹಾಕಿದ ಸದ್ದು. ಆಮೇಲೆ ಸುಮ್ಮನೆ. ಇಷ್ಟು ಹೊತ್ತು ಮೂಸಲು ಏನಿದೆ ಎಂದು ಅವಳು ಬಾಗಿಲಿಗೆ ಕಿವಿ ಹಚ್ಚಿದಳು.

ಪ್ರೇಮಲೀಲಾ ಹೊರಗೆ ಬಂದು ಕೈ ಒರೆಸಿಕೊಂಡಳು. ಪ್ಲೇ ಹೋಮಿನವರು ಸೇರಿಸೋಕೆ ಇವತ್ತು ಕೊನೆ ದಿನ ಅಂದಿದ್ದಕ್ಕೆ ಹೇಳೋಣ ಅಂತ ಬಂದಿದ್ದೆ ಎಂದಳು. ಸಮರ್ಥನನ್ನು ಎತ್ತಿಕೊಂಡು, "ಸೋಮವಾರದಿಂದ ಎರಡು ಚಡ್ಡಿ ಜಾಸ್ತಿ ಇಟ್ಟು ಕಳಿಸ್ತೀನಿ ಆಂಟಿ. ಈಗ ಅವನು ಒಳಗೆ ಹೋಗೋಕೆ ಅಳಲ್ಲ ಅಲ್ವಾ?" ಎಂದು ಕೇಳಿದಳು.

ಅಳಲ್ಲ ಎಂದು ಚೂಡಾಮಣಿ ತಲೆಯಾಡಿಸಿದಳು. ಶರಣ್ಯಾ, ಸಮನ್ವಿತಾ ಮತ್ತೆ ಬರುವುದಿಲ್ಲ, ಅವರು ಸ್ಕೂಲಿಗೆ ಹೊಂದಿಕೊಂಡಾಗಿದೆ. ಇವನೊಬ್ಬನಾದರೂ ಉಳಿದ.

ತಾಯಿಮಗ ಗೇಟು ದಾಟಿ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ ಒಳಗೆ ಬಂದಳು. ಡಬ್ಬದಿಂದ ಅಕ್ಕಿ ತೆಗೆದು ಮೊರಕ್ಕೆ ಹಾಕಿಕೊಂಡು, ಬೆಳಕಿರುವ ಕಡೆ ಹಿಂಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಕಲ್ಲು ಆರಿಸತೊಡಗಿದಳು.