ಮೂರು ಕೊಟೇಶನ್ ಕೇಳಿದ ಸಮಿತಿ

ಈಗಲೂ ಆ ಸಭೆ ನೆನೆದರೆ ಮೈ ಉರಿಯುತ್ತದೆ. ವಿಜಯಪುರದ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಕುರ್ಚಿ ಕೊಂಡಿದ್ದೇನೆ, ಕಪಾಟು ಕೊಂಡಿದ್ದೇನೆ, ಯಾರೂ ಮುಟ್ಟದ ದಪ್ಪ ದಪ್ಪ ಗೈಡುಗಳನ್ನೂ ಖರೀದಿ ಸಮಿತಿ ಹೇಳಿತೆಂದು ಕೊಂಡಿದ್ದೇನೆ. ಆಗೆಲ್ಲ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ನಾನು, ತಿಕೋಟಾದ ಕಾಲೇಜಿನ ಗ್ರಂಥಪಾಲಕ, ಬಬಲೇಶ್ವರದ ಗ್ರಂಥಪಾಲಕಿ, ಮೂವರೂ ಸೇರಿ ಆರು ತಿಂಗಳಿಗೊಂದು ಸಂಶೋಧನಾ ಪತ್ರಿಕೆ ತರುತ್ತಿದ್ದೆವು. ಕಾಗದದಲ್ಲಲ್ಲ, ಇಂಟರ್‌ನೆಟ್ಟಿನಲ್ಲಿ. ಈ ಭಾಗದ ಬಾವಿ, ಬೆಳೆ, ಮಣ್ಣು, ಮಾತು, ಇವುಗಳ ಬಗ್ಗೆ ಕನ್ನಡದಲ್ಲೇ ಲೇಖನ. ಬರೆಯುವವರೂ ದುಡ್ಡು ಕೊಡಬೇಕಿಲ್ಲ, ಓದುವವರೂ ಕೊಡಬೇಕಿಲ್ಲ. ಬರೆದದ್ದರ ಹಕ್ಕು ಬರೆದವರದ್ದೇ. ಪತ್ರಿಕೆಯ ಹೆಸರು ಮಾತ್ರ ನಮ್ಮ ಕಾಲೇಜಿನ ಒಡೆತನದಲ್ಲಿ ನೋಂದಣಿಯಾಗಿತ್ತು.

ಲೇಖನ ಬರುವುದು, ತಿಳಿದವರ ಕೈಗೆ ಹೋಗುವುದು, ತಿದ್ದಿಸಿಕೊಂಡು ಪ್ರಕಟವಾಗುವುದು, ಎಲ್ಲ ನಡೆಯುತ್ತಿದ್ದದ್ದು ಒಂದು ಮುಕ್ತ ತಂತ್ರಾಂಶದಲ್ಲಿ. ಅದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಬೆಲೆ ಇಲ್ಲ. ಆದರೆ ಅದನ್ನು ಕಾಯ್ದುಕೊಂಡು ಕೂತ ನಾಲ್ಕು ಜನಕ್ಕೆ ಹೊಟ್ಟೆ ಇದೆಯಲ್ಲ! ಒಮ್ಮೆ ನಮ್ಮ ಒತ್ತಕ್ಷರಗಳು ಅದರಲ್ಲಿ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿದ್ದಾಗ, ಕನ್ನಡದ ಒಂದಕ್ಷರವೂ ಬಾರದ ಯಾರೋ ಒಬ್ಬಾಕೆ ದೂರದ ದೇಶದಲ್ಲಿ ಕೂತು, ನಾವು ಕಳಿಸಿದ ಚಿತ್ರ ನೋಡಿ ನೋಡಿ ಸರಿಮಾಡಿದ್ದಳು. ಇಂಥವರ ಕೆಲಸ ನಿಲ್ಲಬಾರದೆಂದು ಹಲವು ಊರಿನ, ಹಲವು ದೇಶದ ಗ್ರಂಥಾಲಯಗಳು ವರ್ಷಕ್ಕೆ ತಮ್ಮ ಕೈಲಾದಷ್ಟು ಕೂಡಿಹಾಕುತ್ತವೆ. ನಾವು ಮೂವರೂ ಒಂದೊಂದು ಪಾಲು ಹಾಕೋಣವೆಂದು ಮಾತಾಡಿಕೊಂಡೆವು. ನಾನು ಖರೀದಿ ಸಮಿತಿಗೆ ಅರ್ಜಿ ಬರೆದೆ.

ಅಧ್ಯಕ್ಷರು ಅರ್ಜಿ ತಿರುವಿ ಹಾಕಿ ಕೇಳಿದರು, "ಮೂರು ಕೊಟೇಶನ್ ಎಲ್ಲಿ ಅದಾವ್ರಿ ಮೇಡಂ?"

"ಇದನ್ನ ಯಾರೂ ಮಾರಂಗಿಲ್ರಿ ಸರ್. ಕೊಟೇಶನ್ ಯಾರ ಕೊಡ್ತಾರ?"

"ಮಾರಂಗಿಲ್ಲಂದ್ರ ನಾವ್ಯಾಕ ರೊಕ್ಕ ಕೊಡೂದ್ರಿ? ಪುಕ್ಕಟೆ ಸಿಗೂದಕ್ಕ ರೊಕ್ಕ ಕೊಡೋ ಶ್ಯಾಣ್ಯಾ ಯಾವ ಊರಾಗದಾನ?"

ಸಭೆಯೆಲ್ಲ ನಕ್ಕಿತು. ಗುಮಾಸ್ತರಿಗೆ ಇನ್ನೊಂದು ಚಿಂತೆ. "ಸ್ಟಾಕ್ ರಜಿಸ್ಟರದಾಗ ಏನಂತ ಬರೀಲ್ರಿ? ಲೈಬ್ರರಿ ಶಿಕ್ಕಾ ಎಲ್ಲಿ ಹೊಡೀಲಿ?"

ನನಗೆ ತಡೆಯಲಾಗಲಿಲ್ಲ. ಆ ಮೇಜಿನ ಸುತ್ತ ಕೂತವರೆಲ್ಲ ಒಕ್ಕಲು ಮನೆತನದವರೇ. "ನಿಮ್ಮ ಹೊಲಕ್ಕ ಮುಯ್ಯಾಳ ಬಂದಾಗ ಅವರನ್ನ ಕೊಟೇಶನ್ ಕೇಳೀರೇನ್ರಿ? ಇವತ್ತ ಅವರ ನಮ್ಮ ಹೊಲಕ್ಕ ಬರ್ತಾರ, ನಾಳೆ ನಾವ್ ಅವರ ಹೊಲಕ್ಕ ಹೋಗ್ತೇವಿ. ಇದೂ ಅಷ್ಟರಿ" ಎಂದೆ. ಅಧ್ಯಕ್ಷರು, "ಹೊಲದ ಮಾತ ಬ್ಯಾರೆ, ಆಫೀಸಿನ ಮಾತ ಬ್ಯಾರೆ" ಎಂದು ಅರ್ಜಿಯನ್ನು ಬದಿಗೆ ಸರಿಸಿದರು.

ಮುಂದಿನ ತಿಂಗಳು ಒಂದು ಖಾಸಗಿ ಕಂಪನಿಯವನು ಬಂದ. ಕಾಲೇಜು ಒಂದು ಪೈಸೆಯನ್ನೂ ಕೊಡಬೇಕಿಲ್ಲ, ಪತ್ರಿಕೆಯನ್ನು ತಾವೇ ನಡೆಸುತ್ತೇವೆ ಎಂದ. ನಿಯಮಕ್ಕೆ ಬೇಕಾದ ಮೂರೂ ಕೊಟೇಶನ್ನುಗಳನ್ನು ಒಂದೇ ಫೈಲಿನಲ್ಲಿ ತಾನೇ ಇಟ್ಟುಕೊಂಡು ತಂದಿದ್ದ! ಸಮಿತಿಗೆ ಸ್ವರ್ಗ ಮೂರೇ ಗೇಣು. ಹಾಗಾದರೆ ದುಡ್ಡು ಯಾರು ಕೊಡುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಹಸ್ತಾಂತರದ ಕಾಗದಕ್ಕೆ ನಾನೂ ಸಹಿ ಹಾಕಿದೆ. ಹಾಕುವುದಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಆ ಸಿಟ್ಟು ನನ್ನ ಮೇಲೆಯೇ ಇದೆ.

ಕಂಪನಿಯ ಮೊದಲ ಸಂಚಿಕೆಯಲ್ಲಿ ನಿಡೋಣಿಯ ನಿವೃತ್ತ ಮಾಸ್ತರರೊಬ್ಬರ ಲೇಖನವಿತ್ತು. ನಿಡೋಣಿ, ಕಾಖಂಡಕಿಯ ಹೆಣ್ಣುಮಕ್ಕಳ ಜೊತೆ ಹೊಲದ ಬದುವಿನಲ್ಲಿ ಕೂತು, ಹಸಿ ತೆನೆ ಸುಟ್ಟು ತಿನ್ನುವ ಸೀತನಿಗೆ ಯಾವ ಜೋಳ, ರೊಟ್ಟಿಗೆ ಯಾವುದು, ಯಾವುದರ ಕಣಿಕೆಯನ್ನು ಎತ್ತು ಬಿಡದೆ ತಿನ್ನುತ್ತದೆ ಎಂದೆಲ್ಲ ಕೇಳಿ ಬರೆದುಕೊಂಡಿದ್ದರು. ಪ್ರಕಟವಾದ ಮೇಲೆ ಬಂದು ಓದಿ ಹೇಳುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದರು. ಅದಕ್ಕೆಂದೇ ಗಾಂಧಿ ಚೌಕದಲ್ಲಿ ಹೊಸ ಚಷ್ಮಾ ಮಾಡಿಸಿಕೊಂಡು, ಪೇಢೆಯ ಡಬ್ಬಿ ಹಿಡಿದು ನಮ್ಮ ಗ್ರಂಥಾಲಯಕ್ಕೆ ಬಂದರು.

ಕಂಪ್ಯೂಟರಿನಲ್ಲಿ ಅವರ ಹೆಸರು ಕಂಡಿತು, ಲೇಖನದ ಹೆಸರೂ ಕಂಡಿತು. ಕೆಳಗೆ ನಾಲ್ಕು ಸಾಲು. ಅದರ ಕೆಳಗೆ, ಮುಂದೆ ಓದಲು ಹಣ ಪಾವತಿಸಿ ಎಂಬ ಗುಂಡಿ.

"ನಾ ಬರದದ್ದ ಓದಾಕ ನಾನ ರೊಕ್ಕ ಕೊಡಬೇಕೇನ್ರಿ ಮೇಡಂ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ನಾಚಬೇಕಾದವರು ಅವರಾಗಿರಲಿಲ್ಲ. "ನಾ ಕೊಟ್ಟೇನು ಬಿಡ್ರಿ. ಆ ಹೆಣ್ಣಮಕ್ಕಳಿಗೆ ಏನಂತ ಹೇಳ್ಲಿ? ನೀವ್ ಹೇಳಿದ್ದನ್ನ ಮಾರ್ಯಾರ ಅನ್ಲೇನ್ರಿ?" ನಾನು ಕಂಪನಿಯನ್ನೂ ಸಮಿತಿಯನ್ನೂ ಗಟ್ಟಿಯಾಗಿ ಬೈದೆ. ಓದುತ್ತಿದ್ದ ವಿದ್ಯಾರ್ಥಿಗಳು ತಲೆ ಎತ್ತಿ ನೋಡಿದರು. ಗ್ರಂಥಾಲಯದಲ್ಲಿ ಸದ್ದು ಮಾಡಬೇಡಿ ಎಂದು ವರ್ಷಗಟ್ಟಲೆ ಹೇಳಿದವಳು ನಾನೇ.

ಆ ಸಂಜೆಯೇ ತಿಕೋಟಾ, ಬಬಲೇಶ್ವರಕ್ಕೆ ಫೋನು ಮಾಡಿ ಎಲ್ಲ ಹೇಳಿದೆ. ಅವರಿಬ್ಬರ ಪ್ರಿನ್ಸಿಪಾಲರು ದುರಸ್ತಿ ಖರ್ಚೆಂದು ಬರೆದು ಪಾಲು ಹಾಕಲು ಒಪ್ಪಿದರು. ಅಷ್ಟು ಸರಳವಿತ್ತು! ಅದೇ ತಂತ್ರಾಂಶದಲ್ಲಿ ಬೇರೆ ಹೆಸರಿನ ಪತ್ರಿಕೆ ಶುರುವಾಯಿತು. ಕಂಪನಿಗೆ ಹೋದದ್ದು ಹೆಸರಷ್ಟೇ, ಬರೆದದ್ದರ ಹಕ್ಕು ಬರೆದವರ ಬಳಿಯೇ ಇದ್ದದ್ದರಿಂದ ಮಾಸ್ತರರು ತಮ್ಮ ಲೇಖನವನ್ನು ಅಲ್ಲಿಗೆ ಕೊಟ್ಟರು. ನಾನು ರಜೆಯ ದಿನ ಮನೆಯಲ್ಲಿ ಕೂತು ಅದರ ಕರಡು ತಿದ್ದಿದೆ.

ಲೇಖನ ಬಂದ ವಾರವೇ ಮಾಸ್ತರರು ಮತ್ತೆ ಬಂದರು. ಕಾಖಂಡಕಿಯಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಮೊಬೈಲಿನಲ್ಲೇ ಪೂರ್ತಿ ಓದಿದರಂತೆ. ಒಬ್ಬ ಮುದುಕಿ ಎರಡು ಕಡೆ ತಪ್ಪು ಹಿಡಿದಳಂತೆ. ಅದನ್ನು ಹೇಳುವಾಗ ಅವರ ಮುಖ ಅರಳಿತ್ತು. ಆಮೇಲೆ ಪತ್ರಿಕೆಯ ಕೊನೆಯ ಪುಟ ತೆರೆದು, ಆ ತಂತ್ರಾಂಶಕ್ಕೆ ಪಾಲು ಹಾಕಿದ ಗ್ರಂಥಾಲಯಗಳ ಪಟ್ಟಿಯ ಮೇಲೆ ಬೆರಳಾಡಿಸಿದರು. ತಿಕೋಟಾ ಇತ್ತು, ಬಬಲೇಶ್ವರ ಇತ್ತು. ಬೆರಳು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಯಿತು.

"ನಿಮ್ಮ ಲೈಬ್ರರಿ ಹೆಸರ ಎಲ್ಲೈತ್ರಿ ಮೇಡಂ? ನನಗ ಕಾಣವಲ್ದು" ಎಂದು ಚಷ್ಮಾ ತೆಗೆದು ಒರೆಸತೊಡಗಿದರು.

"ಚಷ್ಮಾ ಛಲೋ ಐತ್ರಿ ಸರ್" ಎಂದೆ. "ನಮ್ಮ ಹೆಸರ ಇಲ್ಲ."