ಮೇಜಿನ ಮೇಲಿಟ್ಟ ಕೈ

ಪದ್ಮನಾಭ ಮಾಸ್ಟ್ರಾಗದೆ ಹೋದದ್ದು ಅವನ ಉಗ್ಗಿನಿಂದ ಅಲ್ಲ, ನನ್ನಿಂದ. ಹಿರಿಯಡ್ಕದಲ್ಲಿ ನಮ್ಮ ಪ್ರಾಯದವರು ನಾಲ್ಕು ಜನ ಸೇರಿದರೆ ಈಗಲೂ ಒಮ್ಮೆ ಅವನ ಮಾತು ಬರುತ್ತದೆ — ಪಾಪ, ತಲೆ ಇತ್ತು, ಬಾಯಿ ಇರಲಿಲ್ಲ ಎಂದು. ನಾನೂ ತಲೆಯಾಡಿಸುತ್ತೇನೆ. ಇಷ್ಟು ವರ್ಷ ತಲೆಯಾಡಿಸಿಕೊಂಡೇ ಬಂದೆ. ಅವನಿಗೆ ಬಾಯಿ ಇತ್ತು. ಚೆನ್ನಾಗಿಯೇ ಇತ್ತು. ಸರಿಯಾದ ಹೊತ್ತು ನೋಡಿ ಅದನ್ನು ಮುಚ್ಚಿದವನು ನಾನು — ಹೆಗಲ ಮೇಲೆ ಕೈಯಿಟ್ಟು, ಅವನ ಒಳ್ಳೆಯದಕ್ಕೆಂಬಂತೆ ಎರಡು ಮಾತು ಹೇಳಿ.

ಶಾಲೆಯಲ್ಲಿ ನಾವು ಒಂದೇ ಬೆಂಚಿನವರು. ನಮ್ಮೊಳಗಿನ ಮಾತೆಲ್ಲ ತುಳು; ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಪದ್ಮ ಅಷ್ಟೇನೂ ತಡವರಿಸುತ್ತಿರಲಿಲ್ಲ. ತರಗತಿಯಲ್ಲಿ ಎದ್ದುನಿಂತು ಕನ್ನಡದಲ್ಲಿ ಉತ್ತರ ಹೇಳಬೇಕಾದರೆ ಮಾತ್ರ ಮೊದಲ ಅಕ್ಷರದಲ್ಲೇ ಸಿಕ್ಕಿಬೀಳುತ್ತಿದ್ದ. ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಕುತ್ತಿಗೆಯ ನರ ಉಬ್ಬುತ್ತಿತ್ತು. ಹಿಂದಿನ ಬೆಂಚಿನವರು ನಗುತ್ತಿದ್ದರು. ಹಾಜರಿ ಕರೆಯುವಾಗ ಅವನ ಹೆಸರಿಗೆ ‘ಬಂದಿದ್ದಾನೆ ಸಾರ್’ ಎಂದು ನಾನೇ ಹೇಳುತ್ತಿದ್ದೆ. ಅಂಗಡಿಗೆ ಹೋದರೆ ಅವನಿಗೆ ಬೇಕಾದ ಪೆನ್ನು, ಶಾಯಿ ಕೇಳುವವನೂ ನಾನೇ. ಉತ್ತರ ಅವನು ನನ್ನ ಕಿವಿಯಲ್ಲಿ ಹೇಳಿದರೆ ನಾನು ಎದ್ದು ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ಹೆಡ್‌ಮಾಸ್ಟ್ರು ನಮ್ಮನ್ನು ನೋಡಿ, ಒಬ್ಬನದ್ದು ತಲೆ, ಇನ್ನೊಬ್ಬನದ್ದು ನಾಲಿಗೆ ಎಂದು ತಮಾಷೆ ಮಾಡುತ್ತಿದ್ದರು. ನನಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು. ನಾನಿಲ್ಲದೆ ಅವನಿಲ್ಲ — ಹಾಗೆಂದು ಯಾರೂ ಹೇಳಿರಲಿಲ್ಲ, ಆದರೆ ನಾನು ನಂಬಿದ್ದೆ.

ಎಸ್ಸೆಸ್ಸೆಲ್ಸಿಯಲ್ಲಿ ನಾನು ಹೇಗೋ ಪಾಸಾದೆ. ಅವನಿಗೆ ಫಸ್ಟ್ ಕ್ಲಾಸ್. ಅವನು ಉಡುಪಿಯಲ್ಲಿ ಕಾಲೇಜಿಗೆ ಸೇರಿದ, ನಾನು ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರನಾದೆ. ದಿನಾ ಬೆಳಿಗ್ಗೆ ಹಿರಿಯಡ್ಕದಲ್ಲಿ ನನ್ನ ಬಸ್ಸನ್ನೇ ಹತ್ತುತ್ತಿದ್ದ. ಸೀಟು ಖಾಲಿಯಿದ್ದರೂ ಬಾಗಿಲ ಬಳಿ ನನ್ನ ಹತ್ತಿರವೇ ನಿಲ್ಲುತ್ತಿದ್ದ.

ಒಂದು ದಿನ ನನಗೆ ಶೀತವಾಗಿ ಸ್ವರವೇ ಹೊರಡುತ್ತಿರಲಿಲ್ಲ. ಹಿರಿಯಡ್ಕದ ಪೇಟೆಯಲ್ಲಿ ನಿಂತು ಜನರನ್ನು ಕರೆಯಬೇಕು, ಹಿಂದಿನ ಬಸ್ಸು ಬಂದರೆ ಅವರೆಲ್ಲ ಅದಕ್ಕೆ ಹತ್ತುತ್ತಾರೆ. ನೀನು ಕರೆ ಮಾರಾಯ ಎಂದು ಪದ್ಮನಿಗೆ ಸನ್ನೆ ಮಾಡಿದೆ, ತಮಾಷೆಗೆ. ಅವನು ಬಸ್ಸಿನ ತಗಡಿಗೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟು, ನಾನು ದಿನಾ ಕೂಗುವ ರಾಗದಲ್ಲೇ ಕೂಗಿದ — ಆತ್ರಾಡಿ, ಪರ್ಕಳ, ಮಣಿಪಾಲ, ಉಡುಪಿ ಉಡುಪಿ ಉಡುಪಿ. ಪರ್ಕಳದ ‘ಪ’ ಕೂಡ ಹಿಡಿಯಲಿಲ್ಲ. ಅವನಿಗೆ ಜನ್ಮದ ಶತ್ರು ಆ ಅಕ್ಷರ. ಅವನ ಹೆಸರೇ ಅದರಿಂದ ಶುರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವನ ಕಣ್ಣಲ್ಲಿ ನೀರು ಬಂದಿತ್ತು.

ಆಮೇಲೆ ದಿನಾ ಅವನೇ ಕರೆದ. ನಿಧಾನಕ್ಕೆ ದಾರಿ ಕಂಡುಕೊಂಡ: ಮಾತು ಶುರು ಮಾಡುವ ಮೊದಲು ಎರಡು ಬೆರಳಿನಿಂದ ತೊಡೆಯನ್ನು ತಟ್ಟುವುದು, ಬಸ್ಸಿನ ತಗಡು ತಟ್ಟಿದ ಹಾಗೆ. ತಟ್ಟಿದರೆ ಮಾತು ಬರುತ್ತಿತ್ತು. ಬರಬರುತ್ತಾ ನೀರಿನ ಹಾಗೆ ಬಂತು. ಆ ಮೊದಲ ದಿನಗಳಲ್ಲಿ ನನಗೆ ನಿಜವಾಗಿಯೂ ಸಂತೋಷವಾಗಿತ್ತು. ಅದು ಸುಳ್ಳಲ್ಲ. ಆದರೆ —

ನಮ್ಮ ಡ್ರೈವರ್ ದೂಮಣ್ಣನ ಬಾಯಿ ಸುಮ್ಮನಿರುತ್ತಿರಲಿಲ್ಲ. "ಸಂಜೀವ, ಇನ್ನು ನೀನು ಬಿ.ಎ. ಓದಲಿಕ್ಕೆ ಹೋಗು, ಅವ ಇಲ್ಲಿ ರೈಟ್ ಹೇಳಲಿ. ಅವನ ಸ್ವರಕ್ಕೆ ಜನ ಹೆಚ್ಚು ಹತ್ತುದು" ಎಂದ ಒಮ್ಮೆ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಮನೆಯಲ್ಲಿ ಅಮ್ಮ ಊಟ ಬಡಿಸುತ್ತಾ, ಆ ಪದ್ಮ ಎಷ್ಟು ಚಂದ ಮಾತಾಡುತ್ತಾನೆ, ಮಾಸ್ಟ್ರಾಗುವವನು ಅಂದರೆ ಹಾಗಿರಬೇಕು ಎನ್ನುತ್ತಿದ್ದಳು. ಅವಳು ನನ್ನನ್ನು ಏನೂ ಹೇಳಿದ್ದಲ್ಲ. ಆದರೂ ನಾನು ಅರ್ಧ ಊಟಕ್ಕೇ ಕೈ ತೊಳೆದು ಏಳುತ್ತಿದ್ದೆ.

ಅವನ ಬಿ.ಎ. ಮುಗಿದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆ ವಿದ್ಯಾರ್ಥಿ ಎಂದು ಅವನನ್ನು ಕರೆದರು. ನಾನು ಡ್ಯೂಟಿ ಮುಗಿಸಿ ಖಾಕಿಯಲ್ಲೇ ಹೋದೆ. ವೇದಿಕೆಯ ಮೇಲೆ ಕುರ್ಚಿ ಹಾಕಿ ಅವನನ್ನು ಕೂರಿಸಿದ್ದರು. ಅವನು ಎದ್ದು ಮಾತಾಡಿದ. ಕೈ ತೊಡೆಯ ಪಕ್ಕದಲ್ಲಿ ಆಡುತ್ತಿದ್ದುದು ನನ್ನೊಬ್ಬನಿಗೇ ಗೊತ್ತು. ಹಿಂದೆ ನಕ್ಕವರೇ ಚಪ್ಪಾಳೆ ತಟ್ಟಿದರು. ಆಗ ಹೆಡ್‌ಮಾಸ್ಟ್ರು ಗುಂಪಿನಲ್ಲಿ ನನ್ನನ್ನು ಕಂಡು ಪ್ರೀತಿಯಿಂದಲೇ ಕರೆದು, ಸಂಜೀವ, ಮೇಲೆ ಕೂತವರಿಗೆ ಸೋಡಾ ತಂದುಕೊಡು ಮಗಾ ಎಂದರು. ತಂದುಕೊಟ್ಟೆ. ಪದ್ಮನ ಕೈಗೂ ಕೊಟ್ಟೆ. ಅವನು ಪಕ್ಕಕ್ಕೆ ಸರಿದು ಅರ್ಧ ಕುರ್ಚಿ ತೋರಿಸಿದ — ಕೂತುಕೋ ಎಂದು. ಆ ಅರ್ಧ ಕುರ್ಚಿಗಾಗಿ ನಾನು ಅವನನ್ನು ಕ್ಷಮಿಸಲಿಲ್ಲ.

ಆ ವರ್ಷವೇ ಅವನು ಬಿ.ಎಡ್.ಗೆ ಅರ್ಜಿ ಹಾಕಿದ. ಆ ಕಾಲದಲ್ಲಿ ಅದು ನಮ್ಮವರಿಗೆ ಸುಲಭದ್ದಲ್ಲ. ಪದವಿಯಲ್ಲಿ ಒಳ್ಳೆಯ ಅಂಕ ಬೇಕು, ಶಾಲೆಯಲ್ಲಿ ಕಲಿಸುವ ವಿಷಯವನ್ನೇ ಓದಿರಬೇಕು, ನಡತೆಯ ಸರ್ಟಿಫಿಕೇಟು ಬೇಕು. ಅದೆಲ್ಲ ಅವನ ಹತ್ತಿರ ಇತ್ತು. ಉಳಿದದ್ದು ಸಂದರ್ಶನ. ಅಲ್ಲಿ ಹಿರಿಯರ ಮುಂದೆ ಒಂದು ಸಣ್ಣ ಪಾಠ ಮಾಡಿ ತೋರಿಸಬೇಕು, ಮಾತು ಸ್ಪಷ್ಟವಾಗಿರಬೇಕು. ಸಂಬಳದ ಕೆಲಸ, ಮನೆಯ ಮರ್ಯಾದೆ, ಅವನು ಚಿಕ್ಕಂದಿನಿಂದ ಕಂಡ ಕನಸು — ಎಲ್ಲ ಆ ಕೆಲವು ನಿಮಿಷದ ಮಾತಿನ ಮೇಲೆ ನಿಂತಿತ್ತು.

ಪಾಠದ ಅಭ್ಯಾಸಕ್ಕೆ ಅವನು ಕಾರ್ಕಳದವರೆಗೆ ಬರುತ್ತಿದ್ದ. ಅಲ್ಲಿ ಬಸ್ಸು ತಿರುಗಿ ಹೊರಡುವ ಮೊದಲು ಖಾಲಿ ನಿಲ್ಲುತ್ತದೆ. ದೂಮಣ್ಣ ಚಾ ಕುಡಿಯಲು ಹೋಗುತ್ತಿದ್ದ. ನಾನು ಸೀಟಿನಲ್ಲಿ ಕೂರುತ್ತಿದ್ದೆ, ಪದ್ಮ ಡ್ರೈವರನ ಹಿಂದೆ ನಿಂತು ಕಲಿಸುತ್ತಿದ್ದ. ಅವನು ಆರಿಸಿದ್ದು ಕಡಲ ಗಾಳಿ, ನೆಲದ ಗಾಳಿಯ ಪಾಠ. ಹಗಲು ನೆಲ ಬೇಗ ಕಾಯುತ್ತದೆ, ಅದಕ್ಕೆ ಗಾಳಿ ಕಡಲಿನಿಂದ ಬರುತ್ತದೆ. ಕತ್ತಲಾದ ಮೇಲೆ ನೆಲ ಬೇಗ ತಣಿಯುತ್ತದೆ, ಆಗ ಗಾಳಿ ತಿರುಗುತ್ತದೆ. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ, ಆದರೆ ನನಗೆ ಅರ್ಥವಾದದ್ದು ಆ ಖಾಲಿ ಬಸ್ಸಿನಲ್ಲಿ. ಅರ್ಥವಾದಾಗ ನನಗೆ ಮುಂದಿನದ್ದೆಲ್ಲ ಕಂಡಿತು. ಅವನು ಒಳ್ಳೆಯ ಮಾಸ್ಟ್ರಾಗುತ್ತಾನೆ. ಎಲ್ಲರೂ ಅವನಿಗೆ ನಮಸ್ಕಾರ ಮಾಡುತ್ತಾರೆ. ಅವನು ಮಕ್ಕಳನ್ನು ಕರೆದುಕೊಂಡು ನನ್ನ ಬಸ್ಸು ಹತ್ತುತ್ತಾನೆ, ನಾನು ಟಿಕೆಟು ಹರಿದು ಕೊಡುತ್ತೇನೆ. ಅವನಿಗೆ ಮಾತು ಸಿಕ್ಕಿದ್ದು ನನ್ನ ಬಸ್ಸಿನಿಂದ — ಅದನ್ನು ಯಾರು ಹೇಳುತ್ತಾರೆ?

ಸಂದರ್ಶನದ ದಿನ ಅವನು ನನ್ನನ್ನೂ ಕರೆದ. "ನೀನು ಹತ್ತಿರ ಇದ್ರೆ ನಂಗೆ ಧೈರ್ಯ ಮಾರಾಯ" ಎಂದ. ರಜೆ ಹಾಕಿ ಹೋದೆ. ಉಡುಪಿಯಿಂದ ಆಚೆ ಒಂದು ಕಾಲೇಜು. ಹೆಸರು ಬೇಡ, ಅಲ್ಲಿಯವರದ್ದು ಏನೂ ತಪ್ಪಿಲ್ಲ. ಉದ್ದದ ಜಗಲಿ, ಸಾಲಾಗಿ ಕೂತ ಹುಡುಗ ಹುಡುಗಿಯರು. ಒಳಗೆ ಹೋಗಿ ಬಂದ ಒಬ್ಬಳು, ಮೊದಲು ಹೆಸರು, ಊರು ಕೇಳುತ್ತಾರೆ, ಒಳ್ಳೆಯ ಜನ, ಹೆದರಲಿಕ್ಕೆ ಎಂತ ಇಲ್ಲ ಎಂದಳು. ಪದ್ಮನ ಮುಖ ಅರಳಿತು. ತೊಡೆಯ ಮೇಲೆ ಬೆರಳಿನಿಂದ ತಟ್ಟಿಕೊಳ್ಳುತ್ತಾ ತನ್ನ ಹೆಸರನ್ನು ಮೆಲ್ಲಗೆ ಹೇಳಿ ನೋಡಿದ. ಹೆಸರು ಸಲೀಸಾಗಿ ಬಂತು.

ನಾನು ಆ ಬೆರಳುಗಳನ್ನು ನೋಡುತ್ತಾ ಕೂತಿದ್ದೆ. ಇವನು ಆ ಬಾಗಿಲು ದಾಟಿ ಬಂದರೆ ಇನ್ನು ನನ್ನ ಅಗತ್ಯ ಇವನಿಗೆ ಇಲ್ಲ — ಎಷ್ಟು ಸಣ್ಣ ಯೋಚನೆ. ಆದರೆ ಆಗ ನನ್ನೊಳಗೆ ಬೇರೆ ಯೋಚನೆಯೇ ಇರಲಿಲ್ಲ. ಹೆಗಲ ಮೇಲೆ ಕೈಯಿಟ್ಟೆ.

"ಒಂದು ಮಾತು ಹೇಳ್ತೇನೆ, ಬೇಸರ ಮಾಡಬೇಡ. ಆ ಕೈ ತಟ್ಟುದು ಬೇಡ ಮಾರಾಯ. ನೋಡುವವರಿಗೆ ಎಂತದೋ ಕಾಯಿಲೆ ಇದ್ದ ಹಾಗೆ ಕಾಣ್ತದೆ. ಎರಡೂ ಕೈ ಮೇಜಿನ ಮೇಲೆ ಇಡು."

ಅವನು ತಿರುಗಿ ನೋಡಿದ. "ಹಾಗೆ ಕಾಣ್ತದಾ?"

"ಕಾಣ್ತದೆ. ಮತ್ತೆ ಹೆಸರು ಹೇಳುವಾಗ ಜಾಗ್ರತೆ. ‘ಪ’ ಉಂಟಲ್ವಾ ಮೊದಲಿಗೆ."

ಅಷ್ಟೇ. ಅಷ್ಟರಲ್ಲಿ ಒಳಗಿನಿಂದ ಕರೆದರು.

ಜಗಲಿಯ ಕಡೆಯ ಕಿಟಕಿ ತೆರೆದಿತ್ತು, ನಾನು ಅದರ ಬಳಿ ಹೋಗಿ ನಿಂತೆ. ಮೂವರು ಹಿರಿಯರು ಕೂತಿದ್ದರು. ಹೆಸರು ಕೇಳಿದರು. ಪದ್ಮನ ಎರಡೂ ಕೈ ಮೇಜಿನ ಮೇಲೆ, ಅಂಗೈ ಒತ್ತಿ, ಮೊಳೆ ಹೊಡೆದ ಹಾಗೆ ಇದ್ದವು. ತುಟಿ ಮುಚ್ಚಿಕೊಂಡಿತು, ತೆರೆಯಲಿಲ್ಲ. ಕುತ್ತಿಗೆಯ ಆ ನರ — ಶಾಲೆಯ ನಂತರ ನಾನು ಅದನ್ನು ನೋಡಿರಲಿಲ್ಲ — ಉಬ್ಬಿತು. ಒಬ್ಬರು ನಿಧಾನ ಎಂದರು. ಇನ್ನೊಬ್ಬರು ನೀರು ಕೊಟ್ಟರು. ಹೆಸರು ಇರಲಿ, ಪಾಠವನ್ನೇ ಶುರು ಮಾಡಿ ಎಂದರು. ‘ಹಗಲು’ ಎನ್ನಲು ಹೊರಟ. ಉಸಿರು ಮಾತ್ರ ಬಂತು.

ಹಿರಿಯಡ್ಕ ಪೇಟೆಯ ಈ ತುದಿಯಿಂದ ಆ ತುದಿಗೆ ಕೇಳುವ ಗಂಟಲು ನನ್ನದು. ‘ತಟ್ಟು’ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ನಿಂತು ನೋಡಿದೆ.

ಹೊರಗೆ ಬಂದಾಗ ಅವನ ಕೈಗಳು ಇನ್ನೂ ಮುಂದಕ್ಕೆ ಚಾಚಿಯೇ ಇದ್ದವು, ಯಾರದ್ದೋ ಕೈ ಎಂಬಂತೆ. ತಡೆದು ತಡೆದು ಒಂದು ಮಾತು ಹೇಳಿದ. "ನೀನು ಹೇಳಿದ್ದು ಒ... ಒಳ್ಳೆದಾಯ್ತು. ಇಲ್ಲದಿದ್ರೆ ಕೈ ನೋಡಿಯೂ ನಗ್ತಿದ್ರು."

ಅವನು ನನ್ನ ಉಪಕಾರ ಸ್ಮರಿಸಿದ. ನಾನು ಅದನ್ನು ತೆಗೆದುಕೊಂಡೆ.

ಊರಿಗೆ ತಿರುಗಿ ಬರುವಾಗ ನಮ್ಮ ಬಸ್ಸಿನಲ್ಲಿ ದೂಮಣ್ಣ, "ಎಂತ ಮಾಸ್ಟ್ರೇ, ಸೀಟು ಸಿಕ್ಕಿತಾ?" ಎಂದು ಕೇಳಿದ. ಪದ್ಮ ನನ್ನ ಮುಖ ನೋಡಿದ, ಶಾಲೆಯಲ್ಲಿ ಹಾಜರಿ ಕರೆಯುವಾಗ ನೋಡುತ್ತಿದ್ದ ಹಾಗೆ. ಅವನ ಪರವಾಗಿ ನಾನೇ ಉತ್ತರ ಹೇಳಿದೆ. ಹೇಳುವಾಗ ನನ್ನ ಎದೆಯಲ್ಲಿ ಏನಾಯಿತು ಎಂಬುದನ್ನು ಬರೆಯದೆ ಇದ್ದರೆ ಈ ಬರಹವೇ ಸುಳ್ಳಾಗುತ್ತದೆ. ಸಂತೋಷವಾಯಿತು. ಕಳೆದುಹೋದದ್ದು ತಿರುಗಿ ಕೈಗೆ ಬಂದ ಹಾಗೆ.

ಮರುವರ್ಷ ಅವನ ಅಮ್ಮ ನಮ್ಮ ಮನೆಗೆ ಬಂದು, ಇನ್ನೊಮ್ಮೆ ಅರ್ಜಿ ಹಾಕಲು ನೀನಾದರೂ ಹೇಳು ಸಂಜೀವ, ನಿನ್ನ ಮಾತು ಕೇಳುತ್ತಾನೆ ಎಂದು ಬೇಡಿಕೊಂಡರು. ತಟ್ಟಿಕೊಂಡೇ ಮಾತಾಡು, ನಾನು ಅಂದು ಹೇಳಿದ್ದು ಹೊಟ್ಟೆಕಿಚ್ಚಿಗೆ ಎಂದು ಹೇಳುವುದಕ್ಕೆ ಇನ್ನೂ ಕಾಲ ಮಿಂಚಿರಲಿಲ್ಲ. ನಾನು ಅವರಿಗೆ, ಒತ್ತಾಯ ಮಾಡಬೇಡಿ ಅಮ್ಮಾ, ಅವನಿಗೆ ಇನ್ನೊಮ್ಮೆ ಆ ಅವಮಾನ ಬೇಡ ಎಂದೆ. ಅವರು ಕಣ್ಣೊರೆಸಿಕೊಂಡು ಹೋದರು. ಮೊದಲನೆಯದ್ದು ಒಂದು ಗಳಿಗೆಯ ಕೆಟ್ಟ ಬುದ್ಧಿ ಎನ್ನಬಹುದೇನೋ. ಇದಕ್ಕೆ ನನ್ನಲ್ಲಿ ಹೆಸರಿಲ್ಲ.

ಪದ್ಮ ಮತ್ತೆ ಯಾವತ್ತೂ ತಟ್ಟಲಿಲ್ಲ. ತುಳುವಿನಲ್ಲೂ ತಡವರಿಸತೊಡಗಿದ. ಎಂಬತ್ತರ ದಶಕದ ಆರಂಭದಲ್ಲಿ ಕಾಪುವಿನಲ್ಲಿ ಬ್ಯಾರಿ ಸಾಹೇಬರೊಬ್ಬರ ಮದ್ದಿನ ಅಂಗಡಿಗೆ ಸೇರಿದ. ಡಾಕ್ಟರರ ಚೀಟಿ ನೋಡಿ ಮದ್ದು ಕೊಡುವ ಕೆಲಸ, ಮಾತು ಬೇಕಾಗಿಲ್ಲ. ಧಣಿ ಒಳ್ಳೆಯವರು, ಪದ್ಮಣ್ಣ ಎಂದೇ ಕರೆಯುತ್ತಿದ್ದರು. ಅವನಿಗೆ ಹೆಣ್ಣು ನೋಡಲು ಅಜೆಕಾರಿಗೆ ಹೋದಾಗ ಹುಡುಗಿಯ ಮನೆಯವರೊಡನೆ ಮಾತಾಡಿದ್ದೆಲ್ಲ ನಾನೇ. ಎಷ್ಟು ಒಳ್ಳೆಯ ಸ್ನೇಹಿತ ಎಂದು ಅವರು ನನ್ನನ್ನು ಹೊಗಳಿದರು. ಪದ್ಮನೂ ನಕ್ಕು ಹೌದೆಂದು ತಲೆಯಾಡಿಸಿದ.

ಈಗ ಇಬ್ಬರಿಗೂ ಕೂದಲು ಬಿಳಿಯಾಗಿದೆ. ಹೋದ ತಿಂಗಳು ಹೇಳಿಬಿಡಬೇಕೆಂದೇ ಕಾಪುವಿಗೆ ಹೋದೆ. ಸಂಜೆ ಕಡಲ ಬದಿಯಲ್ಲಿ ಕೂತಿದ್ದೆವು. ಪದ್ಮ, ಆ ಸಂದರ್ಶನದ ದಿನ — ಎಂದು ಶುರು ಮಾಡಿದೆ. ಅವನು ಕೈಯೆತ್ತಿ ನನ್ನನ್ನು ತಡೆದ. "ನ... ನನಗೆ..." ಎಂದ. ಕಣ್ಣು ಮುಚ್ಚಿಕೊಂಡ, ನರ ಉಬ್ಬಿತು. ನನಗೆ ತಡೆಯಲಾಗಲಿಲ್ಲ, ಹಳೆಯ ಚಾಳಿ. ನಿನಗೆ ಬೇಸರ ಉಂಟು, ಬಿಡು, ಹಳೆಯದು — ಎಂದು ಅವನ ಮಾತನ್ನು ನಾನೇ ಮುಗಿಸಿದೆ. ಅವನು ಅಲ್ಲವೆಂದು ತಲೆಯಲ್ಲಾಡಿಸಿದ. ಮತ್ತೆ ಪ್ರಯತ್ನಿಸಲಿಲ್ಲ. ಕಡಲನ್ನು ನೋಡುತ್ತಾ ಕೂತ. ನಾನೂ ಶುರು ಮಾಡಿದ್ದನ್ನು ಅಲ್ಲಿಗೇ ಬಿಟ್ಟು ಬಸ್ಸಿಗೆ ಎದ್ದೆ.

ಅವನು ಹೇಳಹೊರಟದ್ದು ಏನು? ನನಗೆ ಗೊತ್ತಿತ್ತು ಎಂದೇ? ನನಗೆ ಅದೆಲ್ಲ ಬೇಡ ಎಂದೇ? ಅವನ ಬಾಯಿಯಲ್ಲಿ ನನ್ನ ಮಾತು ತುರುಕಿ ತುರುಕಿ, ಅವನ ಮಾತು ಯಾವುದೆಂದೇ ನನಗೆ ಗೊತ್ತಿಲ್ಲ ಎಂಬುದು ಆ ದಿನ ಬಸ್ಸಿನಲ್ಲಿ ತಿರುಗಿ ಬರುವಾಗ ತಿಳಿಯಿತು.

ನಾಳೆ ಮತ್ತೆ ಕಾಪುವಿಗೆ ಹೋಗುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ — ಹೆಗಲ ಮೇಲೆ ಕೈಯಿಟ್ಟದ್ದು, ಕಿಟಕಿಯ ಬಳಿ ಸುಮ್ಮನೆ ನಿಂತದ್ದು, ಅವನ ಅಮ್ಮನಿಗೆ ಹೇಳಿದ್ದು. ಆಮೇಲೆ ಅವನು ಹೇಳಲಿ. ಬೈಯಲಿ, ಇನ್ನು ಬರಬೇಡ ಎನ್ನಲಿ. ಮೊದಲ ಅಕ್ಷರಕ್ಕೇ ಹೊತ್ತು ಮುಳುಗಿ, ಅವನು ಕಲಿಸಿದ ಹಾಗೆ ಗಾಳಿ ನೆಲದಿಂದ ಕಡಲಿಗೆ ತಿರುಗಿದರೂ ಸರಿ, ಕೂತಿರುತ್ತೇನೆ. ನಡುವೆ ಬಾಯಿ ಹಾಕುವುದಿಲ್ಲ.